ರೇಷ್ಮೆ ಕಾರ್ಖಾನೆಯ ಹುಡುಗಿಯ ಕ್ಯಾಮೆರಾ

ನಮ್ಮ ಬೀದಿಯಲ್ಲಿ ಕರೆಂಟ್ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಸ್ವಿಚ್ ಒತ್ತಿ ನೋಡಬೇಕಾಗಿಲ್ಲ. ಬಂದರೆ ಎಲ್ಲ ಮನೆಯ ಮಗ್ಗಗಳೂ ಒಟ್ಟಿಗೆ ಕಟಕಟ ಎನ್ನುತ್ತವೆ, ಹೋದರೆ ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದ ಹಾಗೆ ಸುಮ್ಮನಾಗುತ್ತದೆ. ದೊಡ್ಡಬಳ್ಳಾಪುರದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಮನೆಯಲ್ಲೂ ಎರಡು ಪವರ್‌ಲೂಮ್ ಇವೆ. ಅಪ್ಪ ಮಗ್ಗ ನೋಡಿಕೊಳ್ಳುತ್ತಾರೆ, ಅಮ್ಮ ಕಂಡಿಕೆ ಸುತ್ತುತ್ತಾರೆ, ನಾನು ಆ ಸದ್ದಿನಲ್ಲೇ ಬಿ.ಇ. ಓದುತ್ತೇನೆ.

ಹೋದ ವರ್ಷ ಕಾಲೇಜಿನ ಫೋಟೊ ಸ್ಪರ್ಧೆಗೆ ಕಳಿಸೋಣವೆಂದು ಅಮ್ಮನ ಕೈಗಳ ಫೋಟೊ ತೆಗೆದೆ. ನೂಲು ಜಾರಿ ಜಾರಿ ತೋರುಬೆರಳಿನಲ್ಲಿ ಗೀರು ಬಿದ್ದಿದೆ, ಅದು ಚೆನ್ನಾಗಿ ಕಾಣುತ್ತದೆ ಎಂದು ನನ್ನ ಲೆಕ್ಕ. ಅಮ್ಮನಿಗೆ ಅದು ಸರಿಬರಲಿಲ್ಲ. ಮುಖ ಬಿಟ್ಟು ಕೈಯನ್ನು ಯಾಕೆ ತೆಗೆದೆ, ನಾನೇನು ಮುಖ ತೋರಿಸಲಾಗದವಳೇ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಫೋಟೊಗೆ ಬಹುಮಾನವೂ ಬರಲಿಲ್ಲ. ಆದರೆ ಅದನ್ನು ನೋಡಿದ ಸೀನಿಯರ್ ಒಬ್ಬರು, ಇಂಥದ್ದೇ ಒಂದು ಚಿತ್ರವನ್ನು ಸುಮಾರು ನೂರು ವರ್ಷದ ಹಿಂದೆ ಮೆಕ್ಸಿಕೊದಲ್ಲಿ ಒಬ್ಬಳು ತೆಗೆದಿದ್ದಾಳೆ, ಹುಡುಕಿ ನೋಡು ಎಂದರು. ಹಾಗೆ ನನಗೆ ಸಿಕ್ಕವಳು ಟೀನಾ ಮೊಡೋಟ್ಟಿ. ಇಂಟರ್ನಲ್ಸ್ ನಡುವೆ ಓದಬೇಕಾದದ್ದನ್ನು ಬಿಟ್ಟು ಮೂರು ದಿನ ಇವಳ ಬಗ್ಗೆಯೇ ಓದಿದೆ. ಅದಕ್ಕೆ ಕಾರಣ ಕೈಗಳ ಚಿತ್ರ ಮಾತ್ರವಲ್ಲ. ಅವಳ ಬದುಕು ಶುರುವಾಗುವುದೇ ರೇಷ್ಮೆಯಿಂದ.

ಇಟಲಿಯ ಈಶಾನ್ಯ ಮೂಲೆಯಲ್ಲಿ ಊದಿನೆ ಎಂಬ ಊರಿದೆ. 1896ರ ಆಗಸ್ಟ್‌ನಲ್ಲಿ ಟೀನಾ ಹುಟ್ಟಿದ್ದು ಅಲ್ಲಿ. ತಂದೆ ಮೆಕ್ಯಾನಿಕ್ ಕೆಲಸ ಬಲ್ಲವನು, ತಾಯಿ ಹೊಲಿಗೆಯವಳು, ಮನೆ ತುಂಬ ಮಕ್ಕಳು. ಮಗುವಿಗೆ ಎರಡು ವರ್ಷ ಆಗುವ ಹೊತ್ತಿಗೆ ಕುಟುಂಬ ಕೂಲಿ ಹುಡುಕಿಕೊಂಡು ಗಡಿ ದಾಟಿ ಆಸ್ಟ್ರಿಯಾಕ್ಕೆ ಹೋಯಿತು. ಕೆಲವು ವರ್ಷಗಳ ನಂತರ ತಿರುಗಿ ಊದಿನೆಗೇ ಬಂದಿತು. ಬಂದ ಸ್ವಲ್ಪ ಕಾಲಕ್ಕೆ ತಂದೆ ಮತ್ತೆ ಹೊರಟ, ಈ ಸಲ ಅಮೆರಿಕಕ್ಕೆ. ಅಲ್ಲಿಂದ ದುಡ್ಡು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಟೀನಾ ಶಾಲೆ ಬಿಟ್ಟು ಊರಿನ ರೇಷ್ಮೆ ಕಾರ್ಖಾನೆಗೆ ಸೇರಿದಳು. ಆಗ ಅವಳಿಗೆ ಹದಿಮೂರು ಹದಿನಾಲ್ಕರ ವಯಸ್ಸು. ಒಂದಷ್ಟು ಕಾಲ ಮನೆ ನಡೆದದ್ದು ಹೆಚ್ಚಾಗಿ ಅವಳ ಕೂಲಿಯಿಂದ.

ಅದೇ ಊರಿನಲ್ಲಿ ಅವಳ ಚಿಕ್ಕಪ್ಪ ಪಿಯೆತ್ರೊ ಮೊಡೋಟ್ಟಿಯ ಫೋಟೊ ಸ್ಟುಡಿಯೊ ಇತ್ತು. ಅವನಿಗೆ ಒಳ್ಳೆಯ ಹೆಸರಿತ್ತು. ಹುಡುಗಿ ಅಲ್ಲಿಗೆ ಹೋಗಿ ಬಂದು ಏನಾದರೂ ಕಲಿತಳೇ ಎಂದು ಜೀವನಚರಿತ್ರೆ ಬರೆದವರು ತುಂಬ ತಲೆ ಕೆಡಿಸಿಕೊಂಡಿದ್ದಾರೆ. ನನಗೆ ಅದಕ್ಕಿಂತ ಕಾರ್ಖಾನೆಯೇ ಮುಖ್ಯ ಅನಿಸುತ್ತದೆ. ದಿನವೆಲ್ಲ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಎಳೆಯ ಮೇಲೆ ಗಮನವಿಟ್ಟವರ ಕಣ್ಣು ಬೇರೆ ತರಹ ಇರುತ್ತದೆ. ಹಾಸಿನಲ್ಲಿ ಎಲ್ಲೋ ಒಂದು ಎಳೆ ಕಡಿದರೆ ಅಮ್ಮ ಅಡುಗೆಮನೆಯಿಂದಲೇ ಸದ್ದಿನ ವ್ಯತ್ಯಾಸ ಕೇಳಿ ಹೇಳುತ್ತಾರೆ. ಫಿಲ್ಟರ್ ಕ್ಲಾಸ್‌ನಲ್ಲಿ ನಾವು ಕಲಿಯುವ ಸಿಗ್ನಲ್ ಮತ್ತು ನಾಯ್ಸ್ ಬೇರೇನಲ್ಲ.

1913ರಲ್ಲಿ ಹದಿನಾರು ವರ್ಷದ ಟೀನಾ ಒಬ್ಬಳೇ ಹಡಗು ಹತ್ತಿದಳು. ನ್ಯೂಯಾರ್ಕ್‌ನ ಎಲ್ಲಿಸ್ ದ್ವೀಪದಲ್ಲಿ ವಲಸಿಗರ ತಪಾಸಣೆ ಮುಗಿಸಿ, ಅಲ್ಲಿಂದ ಖಂಡದ ಇನ್ನೊಂದು ತುದಿಯ ಸ್ಯಾನ್ ಫ್ರಾನ್ಸಿಸ್ಕೊಗೆ. ತಂದೆ, ಅಕ್ಕ ಅಲ್ಲಿದ್ದರು. ಐ. ಮ್ಯಾಗ್ನಿನ್ ಎಂಬ ದೊಡ್ಡ ಬಟ್ಟೆ ಅಂಗಡಿಯಲ್ಲಿ ಹೊಲಿಗೆ ಕೆಲಸ ಸಿಕ್ಕಿತು. ಹೊಲಿಯುತ್ತಿದ್ದವಳನ್ನು ಅಂಗಡಿಯವರು ಸ್ವಲ್ಪ ದಿನದಲ್ಲೇ ಅದೇ ಬಟ್ಟೆ ತೊಡಿಸಿ ಗಿರಾಕಿಗಳ ಮುಂದೆ ನಿಲ್ಲಿಸಿದರು. ಅಷ್ಟು ಚೆಲುವೆ ಅವಳು. ಈ ಚೆಲುವು ಅವಳಿಗೆ ಬಾಗಿಲು ತೆರೆಸಿದ್ದಕ್ಕಿಂತ ಹೆಚ್ಚಾಗಿ ಕಾಟ ಕೊಟ್ಟಿತು. ಅದು ಮುಂದೆ ಬರುತ್ತದೆ.

ಊರಿನ ಇಟಾಲಿಯನ್ ಬೀದಿಯಲ್ಲಿ ವಲಸಿಗರ ನಾಟಕ ತಂಡಗಳಿದ್ದವು. ಟೀನಾ ಅವುಗಳಲ್ಲಿ ಪಾತ್ರ ಮಾಡಿ ಹೆಸರು ಗಳಿಸಿದಳು. ರೋಬೊ ಎಂದು ಎಲ್ಲರೂ ಕರೆಯುತ್ತಿದ್ದ ಕವಿ, ಚಿತ್ರಕಾರನೊಬ್ಬನ ಪರಿಚಯವಾಗಿ ಇಬ್ಬರೂ ಲಾಸ್ ಏಂಜಲೀಸ್‌ಗೆ ಹೋದರು. ಅವನು ಬಾಟಿಕ್ ಬಟ್ಟೆ ಮಾಡುತ್ತಿದ್ದ. ಮೇಣ ಹಚ್ಚಿ ಬಣ್ಣದಲ್ಲಿ ಅದ್ದುವ ಆ ಕೆಲಸದಲ್ಲಿ ಇವಳೂ ಕೈಜೋಡಿಸಿದಳು. 1920ರಲ್ಲಿ ಹಾಲಿವುಡ್‌ನ ಒಂದು ಮೂಕಿ ಚಿತ್ರದಲ್ಲಿ ಅವಳು ಮುಖ್ಯ ಪಾತ್ರ ಮಾಡಿದಳು. ಅದರ ಹೆಸರು ‘ದಿ ಟೈಗರ್ಸ್ ಕೋಟ್’. ತಮಾಷೆಯೆಂದರೆ, ಅದರಲ್ಲಿ ಈ ಇಟಲಿಯ ಹುಡುಗಿಗೆ ಕೊಟ್ಟದ್ದು ಮೆಕ್ಸಿಕನ್ ಹೆಣ್ಣಿನ ಪಾತ್ರ. ಕಪ್ಪು ಕೂದಲು, ದೊಡ್ಡ ಕಣ್ಣು ಇದ್ದರೆ ಸಾಕು, ಯಾವ ದೇಶವಾದರೇನು ಎನ್ನುವ ಕಾಲ. ಮುಂದೆ ನಿಜವಾದ ಮೆಕ್ಸಿಕೊದಲ್ಲಿ ಗೆಳೆಯರೊಂದಿಗೆ ಕೂತು ಅದೇ ಸಿನಿಮಾ ನೋಡಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

ಮೆಕ್ಸಿಕೊಗೆ ಅವಳು ಮೊದಲು ಹೋದದ್ದು ಸಾವಿನ ಸುದ್ದಿಗೆ. ಕೆಲಸ ಹುಡುಕಿ ಮುಂದೆ ಹೋಗಿದ್ದ ರೋಬೊ 1922ರ ಫೆಬ್ರುವರಿಯಲ್ಲಿ ಅಲ್ಲಿ ಸಿಡುಬಿನಿಂದ ತೀರಿಕೊಂಡ. ಒಂದು ತಿಂಗಳ ಅಂತರದಲ್ಲಿ ಇತ್ತ ತಂದೆಯೂ ಸತ್ತ. ಅಷ್ಟರ ನಡುವೆಯೂ ಅವಳು ರೋಬೊನ ಕೃತಿಗಳನ್ನೂ ಕೆಲವು ಗೆಳೆಯರ ಕೃತಿಗಳನ್ನೂ ಮೆಕ್ಸಿಕೊ ನಗರದಲ್ಲಿ ಪ್ರದರ್ಶನಕ್ಕಿಟ್ಟಳು. ಆ ಗೆಳೆಯರಲ್ಲಿ ಎಡ್ವರ್ಡ್ ವೆಸ್ಟನ್ ಒಬ್ಬ. ಆಗಲೇ ಹೆಸರುವಾಸಿಯಾಗಿದ್ದ ಛಾಯಾಗ್ರಾಹಕ, ಹೆಂಡತಿ ಮತ್ತು ನಾಲ್ಕು ಮಕ್ಕಳಿದ್ದವನು, ಟೀನಾಳನ್ನು ಪ್ರೀತಿಸುತ್ತಿದ್ದವನು. 1923ರ ಜುಲೈ ಕೊನೆಯಲ್ಲಿ ಇಬ್ಬರೂ, ಜೊತೆಗೆ ವೆಸ್ಟನ್‌ನ ಹಿರಿಯ ಮಗ, ಹಡಗಿನಲ್ಲಿ ಮೆಕ್ಸಿಕೊಗೆ ಹೊರಟರು. ಅವರ ನಡುವೆ ಒಂದು ಒಪ್ಪಂದವಿತ್ತು. ಇವಳು ಅವನ ಸ್ಟುಡಿಯೊ ನಡೆಸಬೇಕು, ಭಾಷೆ ಬಾರದ ಅವನಿಗೆ ದುಭಾಷಿಯಾಗಬೇಕು. ಅದಕ್ಕೆ ಬದಲಾಗಿ ಅವನು ಇವಳಿಗೆ ಫೋಟೊಗ್ರಫಿ ಕಲಿಸಬೇಕು.

ಕಲಿಸಿದ. ಚೆನ್ನಾಗಿಯೇ ಕಲಿಸಿದ. ವೆಸ್ಟನ್ ಶಿಸ್ತಿನವನು. ಮೊದಲು ಕ್ಯಾಮೆರಾದ ಗಾಜಿನ ಮೇಲೆ ತಲೆಕೆಳಗಾಗಿ ಕಾಣುವ ಚಿತ್ರವನ್ನು ಪೂರ್ತಿ ನೋಡಬೇಕು, ಮನಸ್ಸಿನಲ್ಲಿ ಚಿತ್ರ ಮುಗಿಯಬೇಕು, ಆಮೇಲೆ ಬಟನ್. ಆಗಿನ ಕೆಲಸ ಎಷ್ಟು ನಿಧಾನವೆಂದು ನಮ್ಮ ಕಾಲದವರಿಗೆ ಊಹಿಸುವುದೂ ಕಷ್ಟ. ಸ್ಟ್ಯಾಂಡ್ ಮೇಲೆ ಭಾರದ ಮರದ ಪೆಟ್ಟಿಗೆ, ನಾಲ್ಕು ಇಂಚಿಗೆ ಐದು ಇಂಚಿನ ನೆಗೆಟಿವ್, ಒಂದು ಸಲಕ್ಕೆ ಒಂದೇ. ಅದನ್ನು ಪ್ಲಾಟಿನಂ ಅಥವಾ ಪಲ್ಲೇಡಿಯಂ ಲೇಪಿಸಿದ ಕಾಗದಕ್ಕೆ ಒತ್ತಿ ಬೆಳಕಿಗಿಟ್ಟರೆ ನೆಗೆಟಿವ್‌ನಷ್ಟೇ ದೊಡ್ಡ ಚಿತ್ರ. ದೊಡ್ಡದು ಬೇಕೆಂದರೆ ನೆಗೆಟಿವನ್ನೇ ಮೊದಲು ದೊಡ್ಡದು ಮಾಡಿಕೊಳ್ಳಬೇಕು. ಆಗ ಅವಳ ಬಳಿ ಇದ್ದ ಕ್ಯಾಮೆರಾದ ಹೆಸರು ಕೊರೊನಾ. ಒಂಬತ್ತನೇ ಕ್ಲಾಸನ್ನು ಲಾಕ್‌ಡೌನ್‌ಗೆ ಕಳೆದುಕೊಂಡ ನನಗೆ ಈ ಹೆಸರು ಓದಿ ನಗು ಬಂತು.

ಅವಳ ಮೊದಲ ಚಿತ್ರಗಳಲ್ಲಿ ಗುರುವಿನ ನೆರಳಿದೆ. ಒತ್ತಾಗಿ ಜೋಡಿಸಿದ ಗುಲಾಬಿಗಳು, ಗೋಡೆಗೆ ಒರಗಿದ ಎರಡು ಲಿಲ್ಲಿ ಹೂಗಳು, ಖಾಲಿ ಕಮಾನುಗಳು. ತುಂಬ ಚೆಂದ, ಮನುಷ್ಯರಿಲ್ಲ. ಆದರೆ 1925ರಲ್ಲಿ ತೆಗೆದ ಟೆಲಿಗ್ರಾಫ್ ತಂತಿಗಳ ಚಿತ್ರ ನೋಡಿ. ಕಂಬಗಳ ನಡುವೆ ಆಕಾಶದ ತುಂಬ ತಂತಿ. ನನಗೆ ಅದು ಹಾಸು ಬಿಟ್ಟ ಮಗ್ಗದಂತೆಯೇ ಕಾಣಿಸಿತು. ಅವಳಿಗೂ ಹಾಗೆ ಕಂಡಿರಬಹುದೇ? ಗೊತ್ತಿಲ್ಲದ್ದನ್ನು ಹೇಳಬಾರದು, ಆದರೆ ರೇಷ್ಮೆ ಕಾರ್ಖಾನೆಯಲ್ಲಿ ದುಡಿದವಳು ಎನ್ನುವುದು ಮಾತ್ರ ಖರೆ.

ಆ ಮೆಕ್ಸಿಕೊ ಹೇಗಿತ್ತೆಂದು ಸ್ವಲ್ಪ ಹೇಳಬೇಕು. 1910ರಲ್ಲಿ ಶುರುವಾದ ಕ್ರಾಂತಿ ಹತ್ತು ವರ್ಷ ದೇಶವನ್ನು ಸುಟ್ಟಿತ್ತು. ಹೊಸ ಸರ್ಕಾರ ಜಮೀನು ಹಂಚುವ, ಶಾಲೆ ತೆರೆಯುವ ಮಾತಾಡುತ್ತಿತ್ತು. ಓದು ಬರಹ ಬಾರದ ಜನರಿಗೆ ಅವರದೇ ಚರಿತ್ರೆ ತೋರಿಸಬೇಕೆಂದು ಸರ್ಕಾರಿ ಕಟ್ಟಡಗಳ ಗೋಡೆಗಳನ್ನು ಚಿತ್ರಕಾರರ ಕೈಗೆ ಕೊಟ್ಟಿತು. ಡಿಯೇಗೊ ರಿವೇರಾ, ಹೊಸೆ ಕ್ಲೆಮೆಂತೆ ಒರೊಸ್ಕೊ ಮೊದಲಾದವರು ಏಣಿ ಹತ್ತಿ ಗೋಡೆ ತುಂಬ ರೈತರನ್ನು, ಗಣಿ ಕೆಲಸಗಾರರನ್ನು ಬರೆದರು. ಲೇಪಾಕ್ಷಿಗೆ ಹೋಗಿ ಕತ್ತೆತ್ತಿ ಚಾವಣಿ ನೋಡಿದವರಿಗೆ ಕಥೆಯನ್ನು ಕಟ್ಟಡದ ಮೇಲೆಯೇ ಬರೆಯುವುದು ಹೊಸದಲ್ಲ. ಇಲ್ಲಿ ದೇವರ ಜಾಗದಲ್ಲಿ ಕೂಲಿಯವರು ಬಂದರು, ಅಷ್ಟೇ. ಆ ಗೋಡೆಗಳನ್ನು ಹೊರಜಗತ್ತು ನೋಡಿದ್ದರಲ್ಲಿ ದೊಡ್ಡ ಪಾಲು ಟೀನಾ ತೆಗೆದ ಫೋಟೊಗಳದ್ದು. ‘ಮೆಕ್ಸಿಕನ್ ಫೋಕ್‌ವೇಸ್’ ಎಂಬ ಪತ್ರಿಕೆಗೆ ಅವಳು ಈ ಕೆಲಸ ಮಾಡುತ್ತಿದ್ದಳು. ಅನಿತಾ ಬ್ರೆನ್ನರ್ ಎಂಬ ಲೇಖಕಿಯ ಪುಸ್ತಕಕ್ಕಾಗಿ 1926ರಲ್ಲಿ ವೆಸ್ಟನ್ ಜೊತೆ ಹಳ್ಳಿ ಹಳ್ಳಿ ಸುತ್ತಿ ಜನಪದ ಕಲೆ, ಚರ್ಚು, ಮಡಕೆ, ಮುಖವಾಡಗಳ ಚಿತ್ರ ತೆಗೆದಳು. ಅದೇ ವರ್ಷದ ಕೊನೆಯಲ್ಲಿ ವೆಸ್ಟನ್ ಅಮೆರಿಕಕ್ಕೆ ಮರಳಿದ. ಟೀನಾ ಉಳಿದಳು.

ಅಲ್ಲಿಂದ ಮುಂದಿನ ಮೂರು ವರ್ಷಗಳೇ ಅವಳ ನಿಜವಾದ ಕೆಲಸ ಎಂದು ನನ್ನ ಎಣಿಕೆ. ಸ್ಯಾನ್ ಫ್ರಾನ್ಸಿಸ್ಕೊಗೆ ತಾಯಿಯನ್ನು ನೋಡಲು ಹೋದಾಗ ಗ್ರಾಫ್ಲೆಕ್ಸ್ ಎಂಬ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡು ತಂದಿದ್ದಳು. ಅದೂ ಭಾರವೇ, ಆದರೆ ಸ್ಟ್ಯಾಂಡ್ ಬೇಕಿಲ್ಲ, ಕೈಯಲ್ಲಿ ಹಿಡಿಯಬಹುದು. ಸ್ಟ್ಯಾಂಡ್ ಹೋದ ಕೂಡಲೇ ಚಿತ್ರಕ್ಕೆ ಜನ ಬಂದರು. 1926ರ ಮೇ ದಿನದ ಮೆರವಣಿಗೆಯನ್ನು ಅವಳು ಎತ್ತರದಿಂದ ತೆಗೆದಳು. ಒಂದು ಮುಖವೂ ಕಾಣುವುದಿಲ್ಲ. ಅಗಲವಾದ ಹುಲ್ಲಿನ ಟೋಪಿಗಳು ಒಂದಕ್ಕೊಂದು ತಾಗಿಕೊಂಡು ಹೊಳೆಯ ಹಾಗೆ ಹರಿಯುತ್ತವೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತರಕ್ಕೆ ಹತ್ತಿ ನಿಂತು ರುಮಾಲುಗಳನ್ನು ನೋಡಿದರೆ ಹೀಗೇ ಕಂಡೀತು. ನಾನು ಹೋದ ಡಿಸೆಂಬರ್‌ನಲ್ಲಿ ಪ್ರಯತ್ನಿಸಿದೆ. ರುಮಾಲಿಗಿಂತ ಮೊಬೈಲ್ ಹಿಡಿದ ಕೈಗಳೇ ಜಾಸ್ತಿ ಬಂದವು.

ಆಮೇಲೆ ಕೈಗಳು. ಗುದ್ದಲಿಯ ಹಿಡಿಯ ಮೇಲೆ ಒಂದರ ಮೇಲೊಂದು ಇಟ್ಟು ದಣಿವಾರಿಸಿಕೊಳ್ಳುವ ಕೂಲಿಯವನ ಕೈಗಳು. ಉಗುರಿನ ಸಂದಿನಲ್ಲಿ ಮಣ್ಣು, ಚರ್ಮದ ಮೇಲೆ ಧೂಳು. ಕಲ್ಲಿಗೆ ಬಟ್ಟೆ ಉಜ್ಜುವ ಹೆಂಗಸಿನ ಕೈಗಳು. ದಾರ ಕಟ್ಟಿಕೊಂಡು ಬೊಂಬೆ ಆಡಿಸುವವನ ಕೈಗಳು. ಎಣ್ಣೆ ಟ್ಯಾಂಕಿನ ಏಣಿ ಹತ್ತುವ ಕೆಲಸಗಾರ, ಹೆಗಲ ಮೇಲೆ ತೊಲೆ ಹೊತ್ತವನು, ಬಯಲಲ್ಲಿ ತಲೆ ತಗ್ಗಿಸಿ ಒಂದೇ ಪತ್ರಿಕೆಯ ಮೇಲೆ ಬಗ್ಗಿದ ರೈತರ ಗುಂಪು. ನಾವು ಸಿವಿಲ್, ಮೆಕ್ಯಾನಿಕಲ್ ಎಂದು ಓದುವ ಪುಸ್ತಕಗಳಲ್ಲಿ ಟ್ಯಾಂಕ್ ಇರುತ್ತದೆ, ತೊಲೆ ಇರುತ್ತದೆ, ಅದರ ಮೇಲೆ ಬೀಳುವ ಭಾರದ ಲೆಕ್ಕವೂ ಇರುತ್ತದೆ. ಹೊತ್ತವನು ಇರುವುದಿಲ್ಲ.

ಆ ರೈತರು ಓದುತ್ತಿದ್ದದ್ದು ‘ಎಲ್ ಮಚೇತೆ’, ಮೆಕ್ಸಿಕೊದ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ. ಟೀನಾ 1927ರಲ್ಲಿ ಪಕ್ಷ ಸೇರಿದಳು. ಅಂದಹಾಗೆ ಆ ಪಕ್ಷವನ್ನು 1919ರಲ್ಲಿ ಕಟ್ಟಿದವರಲ್ಲಿ ಒಬ್ಬರು ನಮ್ಮ ಎಂ.ಎನ್. ರಾಯ್. ಇನ್ನೊಬ್ಬ ಭಾರತೀಯನೂ ಅವಳ ಕಥೆಯಲ್ಲಿದ್ದಾರೆ, ಅವರ ಬಗ್ಗೆ ಓದಿದಾಗ ನನಗೆ ರೋಮಾಂಚನವಾಯಿತು. ವಾರ್ಧಾದಲ್ಲಿ ಹುಟ್ಟಿದ ಪಾಂಡುರಂಗ ಖಾನ್‌ಖೋಜೆ ಗದರ್ ಪಕ್ಷದ ಕ್ರಾಂತಿಕಾರಿ. ಬ್ರಿಟಿಷರಿಗೆ ಬೇಕಾದವರಾಗಿ ದೇಶಕ್ಕೆ ಮರಳಲಾಗದೆ, ಕೊನೆಗೆ ಮೆಕ್ಸಿಕೊಗೆ ಬಂದು ಚಾಪಿಂಗೊ ಎಂಬಲ್ಲಿಯ ಕೃಷಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಮೆಕ್ಕೆಜೋಳದ ತಳಿಗಳ ಮೇಲೆ ಪ್ರಯೋಗ ಮಾಡಿದರು, ಬಡ ರೈತರಿಗಾಗಿ ಶುಲ್ಕವಿಲ್ಲದ ಕೃಷಿ ಶಾಲೆಗಳನ್ನು ತೆರೆದರು. ಆ ಶಾಲೆಗಳ, ಆ ಜೋಳದ ಫೋಟೊ ತೆಗೆದವಳು ಟೀನಾ. ಅದೇ ಚಾಪಿಂಗೊ ಕಾಲೇಜಿನ ಗೋಡೆಗೆ ರಿವೇರಾ ಚಿತ್ರ ಬರೆಯುವಾಗ ಟೀನಾ ರೂಪದರ್ಶಿಯಾಗಿ ನಿಂತಿದ್ದಳು. ಒಬ್ಬಳು ಇಟಲಿಯವಳು, ಒಬ್ಬರು ವಿದರ್ಭದವರು, ಇಬ್ಬರಿಗೂ ಸ್ವಂತ ಊರಿಗೆ ಹೋಗುವ ಹಾಗಿಲ್ಲ, ಇಬ್ಬರೂ ಮೆಕ್ಸಿಕೊದ ರೈತನ ಹೊಲದಲ್ಲಿ ನಿಂತಿದ್ದಾರೆ. ಖಾನ್‌ಖೋಜೆ ಸ್ವಾತಂತ್ರ್ಯ ಬಂದ ಮೇಲೆ ಭಾರತಕ್ಕೆ ಮರಳಿ 1967ರಲ್ಲಿ ನಾಗಪುರದಲ್ಲಿ ತೀರಿಕೊಂಡರು. ನಮ್ಮ ಪಠ್ಯಪುಸ್ತಕದಲ್ಲಿ ನಾನು ಅವರ ಹೆಸರು ನೋಡಿಲ್ಲ.

ಟೀನಾ ಫೋಟೊ ಮಾತ್ರ ತೆಗೆಯಲಿಲ್ಲ. ಮೆಕ್ಕೆಜೋಳದ ತೆನೆ, ಕುಡುಗೋಲು, ಗುಂಡುಗಳ ಪಟ್ಟಿ, ಗಿಟಾರ್‌ಗಳನ್ನು ಮೇಜಿನ ಮೇಲೆ ಜೋಡಿಸಿ ಲಾಂಛನಗಳಂತೆ ಮಾಡಿದಳು. 1928ರ ಒಂದು ಕೆಲಸದಲ್ಲಿ ಎರಡು ಚಿತ್ರ ಸೇರಿಸಿದ್ದಾಳೆ. ಮೇಲೆ ಸೂಟು ಬೂಟಿನ ದೊಡ್ಡ ಜಾಹೀರಾತು ಫಲಕ, ಕೆಳಗೆ ರಸ್ತೆ ಬದಿಯಲ್ಲಿ ಕುಸಿದು ಕೂತ ಬಡವ. ಅದರ ಹೆಸರು ‘ಸೊಗಸು ಮತ್ತು ಬಡತನ’ ಎಂಬ ಅರ್ಥದ್ದು. ಮರುವರ್ಷ ಬರೆದ ಒಂದು ಪುಟ್ಟ ಲೇಖನದಲ್ಲಿ ಅವಳು ತನ್ನನ್ನು ಕಲಾವಿದೆ ಎನ್ನಬೇಡಿ, ಫೋಟೊ ತೆಗೆಯುವವಳು ಅಷ್ಟೇ, ತನ್ನದು ಕೈಚಳಕವಿಲ್ಲದ ಪ್ರಾಮಾಣಿಕ ಚಿತ್ರ ಎಂಬರ್ಥದಲ್ಲಿ ಹೇಳಿಕೊಂಡಳು. ಹಾಗಾದರೆ ಈ ಕತ್ತರಿಸಿ ಅಂಟಿಸಿದ್ದು ಏನು ಎಂದು ಕೇಳಬೇಕು ಅನಿಸುತ್ತದೆ. ಇಂದಿನ ಫೋಟೊಶಾಪ್ ಗಲಾಟೆ ಆಗಲೇ ಇತ್ತು. ನನಗೆ ಅವಳ ಅತ್ಯುತ್ತಮ ಚಿತ್ರ ಅದಲ್ಲ. ಅದರಲ್ಲಿ ಹೇಳಬೇಕಾದ್ದು ಮೊದಲೇ ಗೊತ್ತು, ನೋಡುವವನಿಗೆ ಕೆಲಸವಿಲ್ಲ. ಕೈಗಳ ಚಿತ್ರದಲ್ಲಿ ಹಾಗಲ್ಲ, ನೋಡುತ್ತ ನಿಂತರೆ ಇನ್ನೂ ಏನೋ ಬರುತ್ತಲೇ ಇರುತ್ತದೆ.

ಲುಸ್ ಹಿಮೆನೆಸ್ ಎಂಬ ನಾಹುವಾ ಬುಡಕಟ್ಟಿನ ಹೆಂಗಸು ಮಗುವಿಗೆ ಹಾಲೂಡಿಸುವ ಚಿತ್ರವೊಂದಿದೆ. ರಿವೇರಾ ಮೊದಲಾದ ಎಷ್ಟೋ ಚಿತ್ರಕಾರರಿಗೆ ಲುಸ್ ರೂಪದರ್ಶಿ. ಮೆಕ್ಸಿಕೊದ ಗೋಡೆ ಗೋಡೆಯ ಮೇಲೆ ಅವಳಿದ್ದಾಳೆ, ದೇಶದ ತಾಯಿಯಾಗಿ, ಭೂಮಿಯಾಗಿ. ಟೀನಾಳ ಚಿತ್ರದಲ್ಲಿ ಅವಳು ಬರೀ ಹಸಿದ ಮಗುವಿನ ತಾಯಿ. ತಾನೂ ರೂಪದರ್ಶಿಯಾಗಿ ಗಂಟೆಗಟ್ಟಲೆ ನಿಂತವಳು, ಬೇರೆಯವರ ಕಣ್ಣಿಗೆ ವಸ್ತುವಾಗಿ ದಣಿದವಳು ಹೀಗೆ ತೆಗೆಯಬಲ್ಲಳು ಎಂದು ನನಗನಿಸುತ್ತದೆ.

ಇನ್ನು ಮೆಯ್ಯಾ. ಹೂಲಿಯೊ ಆಂತೋನಿಯೊ ಮೆಯ್ಯಾ ಕ್ಯೂಬಾದ ವಿದ್ಯಾರ್ಥಿ ನಾಯಕ, ತನ್ನ ದೇಶದ ಸರ್ವಾಧಿಕಾರಿ ಮಚಾಡೊನನ್ನು ಎದುರು ಹಾಕಿಕೊಂಡು ಮೆಕ್ಸಿಕೊಗೆ ಓಡಿಬಂದವನು. ಇಪ್ಪತ್ತೈದರ ಹರೆಯ. ಇಬ್ಬರೂ ಪ್ರೀತಿಸಿದರು. ಟೀನಾ ಅವನ ಟೈಪ್‌ರೈಟರ್‌ನ ಚಿತ್ರ ತೆಗೆದಿದ್ದಾಳೆ. ಕೀಲಿಗಳು, ರಿಬ್ಬನ್, ಅರ್ಧ ಟೈಪಾದ ಹಾಳೆ. ಪ್ರೇಮಿಯ ಮುಖದ ಬದಲು ಅವನ ಕೆಲಸದ ಯಂತ್ರ. 1929ರ ಜನವರಿ 10ರ ರಾತ್ರಿ ಇಬ್ಬರೂ ಮನೆಗೆ ನಡೆದು ಬರುತ್ತಿದ್ದಾಗ ಮೆಯ್ಯಾಗೆ ಗುಂಡು ಹೊಡೆದರು. ಕೆಲವು ಗಂಟೆಗಳಲ್ಲಿ ಅವನು ಸತ್ತ.

ಮುಂದಿನದ್ದನ್ನು ಓದುವಾಗ ಹೊಟ್ಟೆ ಉರಿಯುತ್ತದೆ. ಕಣ್ಣೆದುರು ಕೊಲೆ ನೋಡಿದವಳನ್ನೇ ಪೊಲೀಸರು ಆರೋಪಿಯಂತೆ ಕೂರಿಸಿ ವಿಚಾರಿಸಿದರು. ಪತ್ರಿಕೆಗಳಿಗೆ ರಾಜಕೀಯ ಕೊಲೆಗಿಂತ ಪ್ರೇಮದ ಜಗಳವೆಂದರೆ ರುಚಿ. ಅವಳ ಖಾಸಗಿ ಪತ್ರಗಳು ಬಯಲಾದವು. ವೆಸ್ಟನ್ ವರ್ಷಗಳ ಹಿಂದೆ ಕಲೆಗೆಂದು ತೆಗೆದ ಬೆತ್ತಲೆ ಚಿತ್ರಗಳನ್ನು ಅವಳ ನಡತೆಗೆ ಸಾಕ್ಷಿ ಎಂಬಂತೆ ಎಳೆದು ತಂದರು. ನೂರು ವರ್ಷ ಆಗುತ್ತ ಬಂತು. ನಮ್ಮ ಕಾಲೇಜುಗಳಲ್ಲಿ ಒಂದು ಹುಡುಗಿಯ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದರೆ ಆಗುವುದು ಇದೇ ಅಲ್ಲವೇ? ಅಂದು ಡಿಯೇಗೊ ರಿವೇರಾ ಅವಳ ಪರವಾಗಿ ಓಡಾಡಿದ. ಅವಳ ಮೇಲಿನ ಆರೋಪ ನಿಲ್ಲಲಿಲ್ಲ, ಬಿಡುಗಡೆಯಾಯಿತು. ಅದೇ ವರ್ಷ ಪಕ್ಷ ರಿವೇರಾನನ್ನು ಹೊರಹಾಕಿದಾಗ ಟೀನಾ ನಿಂತದ್ದು ಪಕ್ಷದ ಕಡೆ. ಅವಳನ್ನು ಎಷ್ಟು ಮೆಚ್ಚಿದರೂ ಇದನ್ನು ಮೆಚ್ಚಲು ನನಗೆ ಆಗುತ್ತಿಲ್ಲ.

ಆ ವರ್ಷವೇ ಅವಳು ತೆಹುಆಂತೆಪೆಕ್ ಎಂಬ ದಕ್ಷಿಣದ ಪ್ರದೇಶಕ್ಕೆ ಹೋದಳು. ಅಲ್ಲಿಯ ಸಂತೆ ಹೆಂಗಸರದ್ದು. ಚಿತ್ತಾರದ ದೊಡ್ಡ ಬುರುಡೆಗಳನ್ನು ತಲೆ ಮೇಲೆ ಹೊತ್ತು ನೆಟ್ಟಗೆ ನಡೆಯುತ್ತಾರೆ. ಕ್ಯಾಮೆರಾ ಕಂಡ ಕೂಡಲೇ ಅವರು ಹೆಜ್ಜೆ ಬಿರುಸು ಮಾಡುತ್ತಿದ್ದರಂತೆ. ಹಾಗಾಗಿ ಕೆಲವು ಚಿತ್ರಗಳು ಅಲುಗಿವೆ. ವೆಸ್ಟನ್‌ನ ಪಾಠದ ಪ್ರಕಾರ ಅವು ಕೆಟ್ಟ ಚಿತ್ರಗಳು, ಅವಳಿಗೂ ಆ ಬೇಸರವಿತ್ತು. ಆದರೆ ಗುಲಾಬಿ ಓಡುವುದಿಲ್ಲ, ಸಂತೆಗೆ ಹೊತ್ತಾದ ಹೆಂಗಸು ಓಡುತ್ತಾಳೆ.

1929ರ ಡಿಸೆಂಬರ್‌ನಲ್ಲಿ ಮೆಕ್ಸಿಕೊ ನಗರದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಅವಳ ಚಿತ್ರಗಳ ಪ್ರದರ್ಶನ ನಡೆಯಿತು. ಎರಡು ತಿಂಗಳೂ ಕಳೆಯಲಿಲ್ಲ. 1930ರ ಫೆಬ್ರುವರಿ 5ರಂದು, ಅಧಿಕಾರ ವಹಿಸಿಕೊಂಡ ದಿನವೇ ಹೊಸ ಅಧ್ಯಕ್ಷ ಓರ್ತಿಸ್ ರೂಬಿಯೊ ಮೇಲೆ ಗುಂಡಿನ ದಾಳಿಯಾಯಿತು. ಎಡಪಂಥೀಯರನ್ನು ಹಿಡಿದು ತುಂಬಿದರು, ಟೀನಾ ಕೂಡ ಜೈಲಿಗೆ. ಆಮೇಲೆ ಗಡಿಪಾರು. ಏಳು ವರ್ಷ ಬದುಕಿದ ಊರು ಬಿಡಲು ಒಂದೆರಡು ದಿನದ ಗಡುವು. ಫೋಕ್‌ವೇಸ್ ಪತ್ರಿಕೆಯ ಕೆಲಸವನ್ನು ಯುವಕ ಮಾನುಯೆಲ್ ಆಲ್ವಾರೆಸ್ ಬ್ರಾವೊಗೆ ಬಿಟ್ಟುಕೊಟ್ಟಳು. ಮುಂದೆ ಮೆಕ್ಸಿಕೊದ ಅತಿ ದೊಡ್ಡ ಛಾಯಾಗ್ರಾಹಕ ಎನಿಸಿಕೊಂಡವನು ಅವನು.

ಎಡಾಂ ಎಂಬ ಡಚ್ ಹಡಗು ಅವಳನ್ನು ಯುರೋಪಿಗೆ ಹೊತ್ತೊಯ್ದಿತು. ದಾರಿಯಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹಡಗು ನಿಂತಷ್ಟು ದಿನ ಅಮೆರಿಕದ ವಲಸೆ ಅಧಿಕಾರಿಗಳು ಅವಳನ್ನು ಕೂಡಿಹಾಕಿದರು. ಹದಿನಾರರಲ್ಲಿ ಒಳಗೆ ಬಿಟ್ಟುಕೊಂಡ ದೇಶ ಮೂವತ್ಮೂರರಲ್ಲಿ ನೆಲಕ್ಕೆ ಕಾಲಿಡಲು ಬಿಡಲಿಲ್ಲ. ಹುಟ್ಟಿದ ಇಟಲಿಯಲ್ಲಿ ಮುಸೊಲಿನಿ ಇದ್ದ, ಅಲ್ಲಿಗೆ ಹೋದರೆ ಜೈಲು ಖಂಡಿತ. ಹೇಗೋ ತಪ್ಪಿಸಿಕೊಂಡು ಬರ್ಲಿನ್ ಸೇರಿದಳು. ಅಲ್ಲಿ ಎಲ್ಲರ ಕೈಯಲ್ಲಿ ಲೈಕಾ, ಪಾಕೆಟಿನಲ್ಲಿಟ್ಟುಕೊಳ್ಳುವ ಪುಟ್ಟ ಕ್ಯಾಮೆರಾ. ಪತ್ರಿಕೆಗಳಿಗೆ ಬೇಕಾದದ್ದು ಅಂಥ ಚುರುಕು ಚಿತ್ರಗಳು. ಇವಳ ಗ್ರಾಫ್ಲೆಕ್ಸ್ ಅಲ್ಲಿ ಎತ್ತಿನ ಗಾಡಿಯಾಯಿತು. ಮೆಕ್ಸಿಕೊದ ಬಿಸಿಲಿಗೆ ಒಗ್ಗಿದ ಕಣ್ಣಿಗೆ ಬರ್ಲಿನ್‌ನ ಮಂಕು ಬೆಳಕು ಹಿಡಿಸಲಿಲ್ಲ. ಆರು ತಿಂಗಳಿದ್ದು ಅದೇ ವರ್ಷದ ಕೊನೆಗೆ ಮಾಸ್ಕೊಗೆ ಹೋದಳು. ಅಲ್ಲಿಂದ ಮುಂದೆ ಫೋಟೊ ತೆಗೆಯುವುದು ಹೆಚ್ಚುಕಡಿಮೆ ನಿಂತೇ ಹೋಯಿತು.

ಯಾಕೆ ನಿಲ್ಲಿಸಿದಳು? ಜೀವನಚರಿತ್ರೆಗಳಲ್ಲಿ ಇದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಅಂತಾರಾಷ್ಟ್ರೀಯ ರೆಡ್ ಏಡ್ ಎಂಬ ಸಂಸ್ಥೆಯಲ್ಲಿ ರಾಜಕೀಯ ಕೈದಿಗಳ ಕುಟುಂಬಗಳಿಗೆ ನೆರವು ತಲುಪಿಸುವ ಕೆಲಸ ಅವಳದ್ದಾಯಿತು. ಬದುಕಿನಲ್ಲಿ ಕಷ್ಟವಿರುವಾಗ ಕಲೆಗೆ ಸಮಯ ಕೊಡಲಾಗುತ್ತಿಲ್ಲ ಎಂಬ ತೊಳಲಾಟ ಮೆಕ್ಸಿಕೊದಿಂದ ವೆಸ್ಟನ್‌ಗೆ ಬರೆದ ಕಾಗದಗಳಲ್ಲೇ ಕಾಣುತ್ತದೆ. ಒಂದು ಕಾಲದಲ್ಲಿ ಅಷ್ಟು ತೀಕ್ಷ್ಣವಾಗಿ ನೋಡಿದ ಕಣ್ಣು ಸ್ಟಾಲಿನ್‌ನ ಮಾಸ್ಕೊದಲ್ಲಿ ನಡೆಯುತ್ತಿದ್ದದ್ದನ್ನು ನೋಡಲಿಲ್ಲವೇ, ನೋಡಿಯೂ ಸುಮ್ಮನಿತ್ತೇ ಎನ್ನುವುದು ನನ್ನನ್ನು ಕಾಡುತ್ತದೆ. ಅವಳ ಸಂಗಾತಿಯಾದ ವಿತ್ತೋರಿಯೊ ವಿದಾಲಿಯ ಮೇಲೆ ಕೊಲೆಗಳಂಥ ಘೋರ ಆಪಾದನೆಗಳೂ ಬಂದವು. ಅದನ್ನು ಬಿಟ್ಟು ಅವಳ ಕಥೆ ಹೇಳಿದರೆ ಅದು ಫಿಲ್ಟರ್ ಹಾಕಿದ ಫೋಟೊ ಆಗುತ್ತದೆ.

ಸ್ಪೇನ್‌ನಲ್ಲಿ 1936ರಲ್ಲಿ ಅಂತರ್ಯುದ್ಧ ಶುರುವಾದಾಗ ಅವಳು ಅಲ್ಲಿದ್ದಳು, ಮರಿಯಾ ಎಂಬ ಹೆಸರಿನಲ್ಲಿ. ಮ್ಯಾಡ್ರಿಡ್‌ನ ಆಸ್ಪತ್ರೆಯೊಂದರಲ್ಲಿ ಗಾಯಾಳುಗಳ ಆರೈಕೆ, ಅಡುಗೆ, ಮಕ್ಕಳನ್ನು ಸಾಗಿಸುವುದು, ಯಾವುದಾದರೆ ಅದು. ಯುದ್ಧದ ಫೋಟೊಗಳಿಂದ ರಾಬರ್ಟ್ ಕಾಪಾನಂಥವರು ಜಗತ್ಪ್ರಸಿದ್ಧರಾಗುತ್ತಿದ್ದ ಜಾಗ ಅದು. ಕ್ಯಾಮೆರಾ ಬಲ್ಲ ಮರಿಯಾ ಅಲ್ಲಿ ಬ್ಯಾಂಡೇಜ್ ಕಟ್ಟುತ್ತಿದ್ದಳು. ಯುದ್ಧ ಸೋತ ಮೇಲೆ 1939ರಲ್ಲಿ, ನಿರಾಶ್ರಿತರಿಗೆ ಬಾಗಿಲು ತೆರೆದಿದ್ದ ಮೆಕ್ಸಿಕೊಗೆ ಸುಳ್ಳು ಹೆಸರಿನಲ್ಲೇ ಮರಳಿದಳು. ಮರುವರ್ಷ ಹಳೆಯ ಗಡಿಪಾರು ಆದೇಶ ರದ್ದಾಯಿತು. ಆಗ ಅವಳ ಕೂದಲು ನೆರೆಯುತ್ತಿತ್ತು, ಹಳೆಯ ಎಷ್ಟೋ ಪರಿಚಯದವರ ಕಣ್ಣಿಗೂ ಬೀಳದ ಹಾಗೆ ಬದುಕಿದಳು. 1942ರ ಜನವರಿ 5ರ ರಾತ್ರಿ ಗೆಳೆಯ, ವಾಸ್ತುಶಿಲ್ಪಿ ಹಾನ್ನೆಸ್ ಮೆಯರ್‌ನ ಮನೆಯಲ್ಲಿ ಊಟ ಮುಗಿಸಿ ಒಬ್ಬಳೇ ಟ್ಯಾಕ್ಸಿ ಹತ್ತಿದಳು. ದಾರಿಯಲ್ಲೇ ಹೃದಯ ನಿಂತಿತು. ನಲವತ್ತೈದು ವರ್ಷ. ಅನುಮಾನದ ಮಾತುಗಳು ಎದ್ದವು, ಪತ್ರಿಕೆಗಳು ಮತ್ತೆ ಹಳೆಯ ಕಥೆ ಕೆದಕಿದವು. ಕವಿ ಪಾಬ್ಲೊ ನೆರೂಡ ಅವಳಿಗಾಗಿ ಪದ್ಯ ಬರೆದ, ಅದರ ಸಾಲುಗಳು ಮೆಕ್ಸಿಕೊ ನಗರದ ದೊಲೊರೆಸ್ ಸ್ಮಶಾನದಲ್ಲಿ ಅವಳ ಗೋರಿಯ ಮೇಲಿವೆ.

1991ರಲ್ಲಿ ಅವಳ ಗುಲಾಬಿಗಳ ಚಿತ್ರ ನ್ಯೂಯಾರ್ಕ್‌ನ ಹರಾಜಿನಲ್ಲಿ 1,65,000 ಡಾಲರಿಗೆ ಮಾರಾಟವಾಯಿತು. ಫೋಟೊ ಒಂದಕ್ಕೆ ಆಗ ಅದು ಭಾರಿ ಬೆಲೆ. ಈ ಸಂಗತಿ ಅಮ್ಮನಿಗೆ ಹೇಳಿ ಗುಲಾಬಿಯ ಚಿತ್ರವನ್ನೂ ಗುದ್ದಲಿ ಹಿಡಿದ ಕೈಗಳ ಚಿತ್ರವನ್ನೂ ಮೊಬೈಲಿನಲ್ಲಿ ತೋರಿಸಿದೆ. ಗುಲಾಬಿಯನ್ನು ಅವರು ಒಂದು ಸಲ ನೋಡಿ ಬಿಟ್ಟರು. ಕೈಗಳನ್ನು ಬೆರಳಿನಿಂದ ಹಿಗ್ಗಿಸಿ ಉಗುರು, ಗೆಣ್ಣು ಎಲ್ಲ ನೋಡಿದರು. ಇವನ ಹೆಸರೇನು ಎಂದು ಕೇಳಿದರು. ಎಲ್ಲೂ ಬರೆದಿಲ್ಲ ಎಂದೆ. ಹಾಗಾದರೆ ನನ್ನ ಫೋಟೊ ಕೆಳಗೆ ನನ್ನ ಹೆಸರು ಹಾಕಿದ್ದೆಯಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಂಡಿಕೆ ಸುತ್ತಲು ಹೋದರು. ಕರೆಂಟ್ ಬಂದಿತ್ತು.